ಹಲಗೆಯ ಆಚೆ

"ಅಷ್ಟು ಭಯ ಇದ್ರೆ ಇನ್ನೊಂದ್ಸಲ ತಟ್ಟಿ ನೋಡಕ್ಕ" ಎಂದ ತಮ್ಮ, ಲಾರಿ ಓಡಿಸುತ್ತಲೇ.

ಅಕ್ಕ ಕ್ಯಾಬಿನ್ನಿನ ಹಿಂದಿನ ಹಲಗೆಗೆ ಎರಡು ಸಲ ತಟ್ಟಿದಳು. ಹಲಗೆಯ ಆಚೆ ಸರ್ಕಸ್ಸಿನ ಮುದಿ ಆನೆಯ ಜೊತೆ ಅವಳ ಗಂಡ ಕೂತಿದ್ದ. ಮಾವುತ ಪಕ್ಕದಲ್ಲಿಲ್ಲದಿದ್ದರೆ ಆ ಆನೆ ಲಾರಿಯನ್ನೇ ಅಲ್ಲಾಡಿಸಿಬಿಡುತ್ತದೆ, ಹಾಗಾಗಿ ಊರಿಂದೂರಿಗೆ ಅವನ ಪ್ರಯಾಣ ಅಲ್ಲೇ. ಈಚೆಯಿಂದ ಎರಡು ತಟ್ಟಿದರೆ ಆಚೆಯಿಂದಲೂ ಎರಡು. ಅಂದರೆ ಎಲ್ಲ ಸರಿಯಿದೆ. ಬೆಳಿಗ್ಗೆ ಹತ್ತುವಾಗ ಎದೆ ನೀವಿಕೊಳ್ಳುತ್ತ, "ಉತ್ತರ ಬರ್ಲಿಲ್ಲ ಅಂದ್ರೆ ಮಾತ್ರ ಗಾಡಿ ನಿಲ್ಸಿ. ಸುಮ್‌ಸುಮ್ನೆ ಗಾಬರಿ ಬೀಳ್ಬೇಡಿ" ಎಂದಿದ್ದ. ಹೆಂಡತಿಯ ಮಾತು ಕೇಳುವ ಆಸಾಮಿಯೇ ಅಲ್ಲ.

ಟಕ್ ಟಕ್.

"ಕೇಳಿಸ್ತಾ? ಭಾವ ಗುಂಡುಕಲ್ಲಿನ ಹಾಗಿದಾರೆ" ತಮ್ಮ ನಕ್ಕ.

ಎಡಗಡೆ ಆಸ್ಪತ್ರೆಯ ಗೇಟು ಕಂಡಿತು. ಅಕ್ಕ ಮತ್ತೆ ತಟ್ಟಿದಳು. ಟಕ್ ಟಕ್. ಗೇಟು ಹಿಂದೆ ಸರಿಯಿತು.

"ಒಂದ್ನಿಮಿಷ ತೋರಿಸ್ಕೊಂಡು ಹೋಗ್ಬಹುದಿತ್ತು ಕಣೋ."

"ಚೆನ್ನಾಗಿರೋರನ್ನ ಏನಂತ ತೋರಿಸ್ತೀಯಾ?"

ಸ್ವಲ್ಪ ದೂರ ಹೋಗುವಷ್ಟರಲ್ಲಿ, ಇವಳು ತಟ್ಟದೆಯೇ, ಆಚೆಯಿಂದ ಸದ್ದು ಬಂತು. ಟಕ್ ಟಕ್. ಮತ್ತೊಮ್ಮೆ. ಮತ್ತೂ ಒಮ್ಮೆ.

"ನೋಡು, ಭಾವಂಗೆ ಹೊತ್ತು ಹೋಗ್ತಿಲ್ಲ."

ಅಕ್ಕ ತಮ್ಮನ ತೋಳು ಹಿಡಿದು ಜಗ್ಗಿದಳು. ಕೇಳದೆ ಉತ್ತರ ಕೊಡುವ ಗಂಡಸಲ್ಲ ಅದು. ಕೇಳಿದರೂ ಕೊಡುವುದು ಕಷ್ಟ. "ನಿಲ್ಸೋ! ನಿಲ್ಸು ಅಂದೆ!"

ಇಬ್ಬರೂ ಹಿಂದಕ್ಕೆ ಓಡಿ ಚಿಲಕ ತೆಗೆದರು. ಮಧ್ಯಾಹ್ನದ ಬಿಸಿಲು ಒಳಗೆ ಬಿತ್ತು. ಅವನು ಹಲಗೆಗೆ ಒರಗಿ, ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದ. ಆನೆ ಅವನ ಮಣಿಕಟ್ಟನ್ನು ಸೊಂಡಿಲಿನಿಂದ ಸುತ್ತಿ ಹಿಡಿದು, ಅಲ್ಲಾಡದೆ ನಿಂತಿತ್ತು. ತಮ್ಮ ಹತ್ತಿಹೋಗಿ ಭಾವನ ಪಾದ ಮುಟ್ಟಿದ. ಮುಟ್ಟಿದ ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡ.

"ಅಕ್ಕಾ... ತಣ್ಣಗಿದಾರೆ. ಯಾವಾಗ್ಲೋ ಹೋಗ್ಬಿಟ್ಟಿದಾರೆ."

"ಸುಳ್ಳು! ಆಸ್ಪತ್ರೆ ಹತ್ರ ತಟ್ಟಿದ್ರಲ್ಲೋ! ನಾನೇ ಕೇಳಿದ್ನಲ್ಲೋ!"

ಕೆಳಗೆ ನಿಂತಲ್ಲೇ ಅವಳು ಲಾರಿಯ ಹಲಗೆಗೆ ಹಣೆ ಚಚ್ಚಿಕೊಂಡಳು. ಒಂದು ಸಲ. ಎರಡು ಸಲ.

ಆನೆ ಕಿವಿ ನಿಮಿರಿಸಿತು. ಬೆರಳ ಗೆಣ್ಣುಗಳ ಚರ್ಮವೆಲ್ಲ ಸುಲಿದುಹೋಗಿದ್ದ ಆ ಕೈಯನ್ನು ಮೆಲ್ಲಗೆ ಎತ್ತಿ, ಹಲಗೆಗೆ ತಟ್ಟಿತು.

ಟಕ್ ಟಕ್.