ಹದಿನಾಲ್ಕನೆಯ ರ‍್ಯಾಕಿನ ಬಾಗಿಲು

ಒಂದು ಜಡೆ ಹೆಣೆದಾಗಿತ್ತು, ಇನ್ನೊಂದಕ್ಕೆ ಮಾಕ್ರಿನಾ ಮಗಳ ಕೂದಲನ್ನು ಮೂರು ಪಾಲು ಮಾಡಿ ಹಿಡಿದಿದ್ದಳು. ಅಷ್ಟರಲ್ಲಿ ಅವಳ ಕಂಪನಿಯಿಂದ ಫೋನು ಬಂತು. ಡೇಟಾ ಸೆಂಟರಿನಲ್ಲಿ ಕೂರಿಸಿದ ಹೊಸ ಸ್ಟೋರೇಜ್ ಪೆಟ್ಟಿಗೆಯ ಹಿಂದೆ ಕಬ್ಬಿಣದ ಬೀರುವಿನಂಥ ರ‍್ಯಾಕಿನ ಬಾಗಿಲು ಮುಚ್ಚುತ್ತಿಲ್ಲವಂತೆ. ಎರಡೇ ಬೆರಳು ಸಂದಿ. ಕೂಡಲೇ ಬಾ.

ತಿಂಗಳ ಕೊನೆಯ ಶುಕ್ರವಾರ. ಕೆರೆತಾರೊ ಊರಿನ ಟೀಚರುಗಳೆಲ್ಲ ಸಭೆ ಸೇರುವ ದಿನ, ಮಕ್ಕಳಿಗೆ ಶಾಲೆಯಿಲ್ಲ. ಸಾಲದ್ದಕ್ಕೆ ಮಗಳು ಸಿತ್ಲಾಲಿಗೆ ಇವತ್ತೇ ಏಳು ತುಂಬುವುದು. ನಾಲ್ಕು ಗಂಟೆಗೆ ಅಜ್ಜಿಯ ಅಂಗಳದಲ್ಲಿ ಮಿಠಾಯಿ ತುಂಬಿದ ಕಾಗದದ ಗೊಂಬೆ ಪಿನ್ಯಾಟಾ ತೂಗುಹಾಕಿ ಒಡೆಯಬೇಕು. ಮಾಕ್ರಿನಾ ಒಂಟಿ ಜಡೆಯ ಮಗಳನ್ನು ಕೈಹಿಡಿದು ಹಾಗೆಯೇ ಹೊರಟಳು.

ಗೇಟಿನ ಕಾವಲಿನವನ ಪುಸ್ತಕದಲ್ಲಿ ಮಕ್ಕಳಿಗೆ ಕಾಲಮ್ಮು ಇರಲಿಲ್ಲ. ಅವನು ತಲೆ ಕೆರೆದುಕೊಂಡು, ‘ಸಾಮಗ್ರಿ’ ಅನ್ನುವಲ್ಲಿ ಬರೆದ: ‘ಒಂದು. ಎತ್ತರ ಒಂದು ಮೀಟರು ಹದಿನೈದು. ನಾಜೂಕು.’

“ಹೋಗುವಾಗ ಮರೀದೆ ವಾಪಸ್ ತಗೊಂಡ್ಹೋಗಿ, ಇಂಜಿನಿಯರಮ್ಮ.”

“ಒಳಗೆ ದೊಡ್ಡವರ ಮಧ್ಯೆ ಮಾತಾಡ್ಬಾರ್ದು, ಪುಟ್ಟಿ,” ಎಂದು ಮಾಕ್ರಿನಾ ಮಗಳ ಕಿವಿಯಲ್ಲಿ ಹೇಳಿದಳು. “ಏನಾದ್ರೂ ಕೇಳ್ಬೇಕಾದ್ರೆ ಬೆರಳೆತ್ತು.”

ಹೊಸ ಸಾಲು ಅದು. ನಲವತ್ತು ಕಪ್ಪು ರ‍್ಯಾಕುಗಳು, ಹದಿನಾಲ್ಕನೆಯದೊಂದು ಬಿಟ್ಟರೆ ಎಲ್ಲ ಖಾಲಿ. ಅದರ ಪಕ್ಕ ಮಡಿಸುವ ಕುರ್ಚಿಯಲ್ಲಿ ಅವಳ ಸಹೋದ್ಯೋಗಿ ಗಡ್ಡ ಬೆಳೆಸಿಕೊಂಡು ಕೂತಿದ್ದ. ಕಟ್ಟಡದವರ ಸಹಿ ಬೀಳದ ಪೆಟ್ಟಿಗೆಯನ್ನು ಒಂಟಿಯಾಗಿ ಬಿಡುವಂತಿಲ್ಲ. ಪಾಪ, ಬುಧವಾರ ಬಂದವನು. ಮಾಕ್ರಿನಾಳನ್ನು ಕಂಡದ್ದೇ ಕುರ್ಚಿ ಅವಳಿಗೆ ಬಿಟ್ಟು, ಪಂಜರ ಬಿಟ್ಟ ಗಿಳಿಯಂತೆ ಹಾರಿಹೋದ. ಇನ್ನು ಸರದಿ ಅವಳದು.

“ಪೆಟ್ಟಿಗೆ ನಿಮ್ಮ ಗಿರಾಕೀದು, ರ‍್ಯಾಕು ನಮ್ದು,” ಎಂದ ಕಟ್ಟಡದ ಮೇಲ್ವಿಚಾರಕ ಬಾಲ್ದೊಮೆರೊ. “ಬಾಗಿಲು ಮುಚ್ಚದೆ ಸಹಿ ಇಲ್ಲ. ಸಹಿ ಇಲ್ದೆ ನೀವು ಕದಲೋ ಹಾಗಿಲ್ಲ.”

“ಹಿಂದಿನ ವೈರುಗಳು ಉಬ್ಬಿವೆ, ಅಷ್ಟೇ. ಬಾಗಿಲಲ್ಲಿ ಒಂದು ಸಣ್ಣ ತೂತು ಕೊರೀಲಾ?”

“ನಾನು ಬಂದು ನಿಮ್ಮನೆ ಗೋಡೆ ಕೊರೀಲಾ?”

“ಆ ಕೊನೇಲಿರೋ ಹೆಚ್ಚು ಆಳದ ರ‍್ಯಾಕು ಕೊಡಿ ಮತ್ತೆ. ಖಾಲಿ ತಾನೇ?”

“ಒಪ್ಪಂದದಲ್ಲಿ ಹದಿನಾಲ್ಕು ಅಂತಿದೆ. ಖಾಲಿ ಇದೆ ಅಂತ ಯಾರ ಮನೆಗಾದ್ರೂ ನುಗ್ತಾರಾ, ಇಂಜಿನಿಯರೇ?”

ಮಾಕ್ರಿನಾ ಗಡಿಯಾರ ನೋಡಿದಳು, ಆಮೇಲೆ ಅವನ ಕೈಯಲ್ಲಿದ್ದ ತಪಾಸಣೆಯ ನಮೂನೆಯನ್ನು. “ಇಲ್ಲಿ ಕೇಳಿರೋದು ‘ಬಾಗಿಲು ತೆರೆದಿದೆಯೇ’ ಅಂತ. ಬಾಗಿಲೇ ಇಲ್ದಿದ್ರೆ?”

ಬಾಲ್ದೊಮೆರೊ ಎರಡು ಸಲ ಓದಿದ. ಮೂರನೆಯ ಸಲಕ್ಕೆ ಮುಖ ಅರಳಿತು. “ಇಲ್ಲದ ಬಾಗಿಲು ತೆರೆಯೋದು ಹೆಂಗೆ! ಬಿಚ್ಚಿ, ಬಿಚ್ಚಿ. ಕೊರೆಯೋದು ತಪ್ಪು, ಬಿಚ್ಚೋದು ತಪ್ಪಲ್ಲ.”

ಬಾಗಿಲು ಕಳಚಿತು. ಹದಿನಾಲ್ಕಕ್ಕೆ ಸಹಿಯೂ ಬಿತ್ತು. ಆದರೆ ಬಾಗಿಲನ್ನು ಇಡುವುದೆಲ್ಲಿ? ಓಣಿಯಲ್ಲಿಟ್ಟರೆ ಬೆಂಕಿ ಬಿದ್ದಾಗ ಓಡುವ ದಾರಿಗೆ ಅಡ್ಡ. ಹೊರಗೆ ಒಯ್ಯಲು ರಾಜಧಾನಿಯ ಕಚೇರಿಯಿಂದ ಅಪ್ಪಣೆ ಬರಬೇಕು. ಕೊನೆಗೆ ಹದಿನೈದನೆಯ ರ‍್ಯಾಕಿನೊಳಗೆ ಓರೆಯಾಗಿ ತುರುಕಿದರು. ಒಂದು ಮೂಲೆ ಎರಡು ಬೆರಳು ಹೊರಗೇ ಉಳಿದು, ಅದರ ಬಾಗಿಲೂ ಮುಚ್ಚದಾಯಿತು. ಬಾಲ್ದೊಮೆರೊ ನಿಟ್ಟುಸಿರಿಟ್ಟು ಹೊಸ ನಮೂನೆ ತೆಗೆದ.

“ಅದರೊಳಗೆ ಬಾಗಿಲು ಬಿಟ್ರೆ ಏನೂ ಇಲ್ವಲ್ಲ!” ಎಂದಳು ಮಾಕ್ರಿನಾ.

“ಬಾಗಿಲೂ ಸಾಮಗ್ರೀನೇ. ಇಟ್ಟವರು ನೀವು. ಇದಕ್ಕೆ ಸಹಿ ಬೀಳೋವರೆಗೆ ಕುರ್ಚಿ ನಿಮ್ದೇ.”

ಅವಳು ಸ್ಕ್ರೂಡ್ರೈವರು ತೆಗೆದುಕೊಂಡು ಹದಿನೈದರ ಬಾಗಿಲು ಬಿಚ್ಚತೊಡಗಿದಳು. ಅವನು ಬಲು ಸಹಕಾರದಿಂದ ಹದಿನಾರರ ಬೀಗ ತೆಗೆದು ನಿಂತ.

ಹನ್ನೆರಡೂವರೆ ಆಗಿತ್ತು. ಬೆರಳೆತ್ತಿದ ಬಲಗೈ ಸೋತು, ಸಿತ್ಲಾಲಿ ಅದಕ್ಕೆ ಎಡಗೈಯ ಆಸರೆ ಕೊಟ್ಟು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಮಾಕ್ರಿನಾ ಮಂಡಿಯೂರಿ, ತಣ್ಣನೆ ಗಾಳಿಗೆ ಸುರಿಯುತ್ತಿದ್ದ ಮಗಳ ಮೂಗನ್ನು ತನ್ನ ತೋಳಿನ ಬಟ್ಟೆಯಲ್ಲೇ ಒರೆಸಿದಳು.

“ಏನು ಕಂದಾ? ಕೇಳು.”

ಮಗು ಸಾಲಿನ ಆ ತುದಿಯವರೆಗೂ ಒಮ್ಮೆ ನೋಡಿತು.

“ಅಮ್ಮಾ, ಎಲ್ಲಾ ಬಿಚ್ಚಾದ್ಮೇಲೆ ಕೊನೇ ಬಾಗಿಲನ್ನ ಎಲ್ಲಿಡ್ತೀರಾ?”