ಹರಕೆಯ ಕಾಲಂ

"ನಮ್ಮ ವೆಂಕಟ್ ಬಂದ್ನಾ ಸ್ವಾಮಿ?" ಎಂದು ಕೇಳುತ್ತಲೇ ಅಕ್ಕಯಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಲಾಡ್ಜಿನೊಳಗೆ ಬಂದಳು. ಒಂದು ಕೈಯಲ್ಲಿ ಕಜ್ಜಾಯದ ಡಬ್ಬಿ, ಇನ್ನೊಂದರಲ್ಲಿ ಹೊಸ ಅಂಗಿಯ ಕವರು. ಗೌನಿಪಲ್ಲಿಯಿಂದ ಮೊದಲ ಬಸ್ಸಿಗೇ ಹೊರಟವಳು. ಕೌಂಟರಿನ ಹಿಂದೆ ಕೂತಿದ್ದ ಲಾಡ್ಜಿನ ಮಾಲೀಕ ಲಕ್ಷ್ಮೀನಾರಾಯಣ ರಾಯರಿಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ವೆಂಕಟ್ ಮನೆ ಬಿಟ್ಟು ಹೋಗಿ ಹನ್ನೊಂದು ವರ್ಷವಾಗಿತ್ತು. ಅವನು ಸಿಗಲೆಂದು ಈ ತಾಯಿ ವರ್ಷಕ್ಕೊಮ್ಮೆ ಮುಳಬಾಗಿಲಿಗೆ ಬಂದು, ಇದೇ ಲಾಡ್ಜಿನಲ್ಲಿ ಉಳಿದು, ಆಂಜನೇಯನಿಗೆ ಹರಕೆ ನೆನಪಿಸಿ ಹೋಗುತ್ತಿದ್ದಳು.

"ಅವನು ಇಲ್ಲಿಗ್ಯಾಕೆ ಬರ್ತಾನಮ್ಮ?"

"ನೀವೇ ಅಲ್ವಾ ಫೋನ್ ಮಾಡ್ಸಿದ್ದು? ಲಾಡ್ಜಿನಿಂದ ಅಂತಾನೇ ಹೇಳಿದ್ರು. ಬೊಂಬಾಯಲ್ಲಿ ಸಿಕ್ಕವ್ನೆ, ಆಸ್ಪತ್ರೇಲಿ ಅವ್ನೆ, ಬಿಲ್ಲು ಕಟ್ಟಿದ್ರೆ ಕರ್ಕೊಂಡು ಬರ್ತೀವಿ, ಸೋಮವಾರ ಲಾಡ್ಜಿಗೇ ಬಂದ್ಬಿಡಿ ಅಂದ್ರು. ಅವರು ಹೇಳಿದ ಬ್ಯಾಂಕಿಗೆ ಕಟ್ಟಿದ್ದಾಯ್ತು." ಅಕ್ಕಯಮ್ಮ ಕವರಿನಿಂದ ಅಂಗಿ ತೆಗೆದು ತೋರಿಸಿದಳು. "ಹೋದಾಗ ಹದಿನಾರು ವರ್ಷ. ಈಗ ಎಷ್ಟು ದಪ್ಪ ಅವ್ನೋ ಏನೋ. ಪಕ್ಕದ ಮನೆ ಹುಡುಗನ ಅಳತೆಗೆ ತಂದೆ."

"ಯಾರೋ ನಿಮ್ಮನ್ನ ಆಟ ಆಡಿಸಿದ್ದಾರಮ್ಮ."

ಆಕೆ ನಕ್ಕಳು. ತಿಳಿಯದವರ ಮಾತಿಗೆ ನಗುವ ನಗು. "ಆಟ ಆಡ್ಸೋರಿಗೆ ಅವನ ಎಡಹುಬ್ಬಿನ ಗಾಯ ಹೆಂಗೆ ಗೊತ್ತಾಗ್ತದೆ? ನಾನವನ್ನ ಬುಜ್ಜಿ ಅಂತ ಕರೀತಿದ್ದಿದ್ದು ಹೆಂಗೆ ಗೊತ್ತಾಗ್ತದೆ? ಫೋನಲ್ಲಿ ಅವನೇ ಮಾತಾಡ್ದ ಸ್ವಾಮಿ. 'ಅಮ್ಮಾ, ನೇನೇ, ಬುಜ್ಜಿನಿ', ನಾನೇ ಬುಜ್ಜಿ ಅಂತ ನಮ್ಮ ತೆಲುಗಲ್ಲೇ ಅಂದ. ಗಂಟಲು ಕಟ್ಟಿತ್ತು, ಜ್ವರ ಅಲ್ವಾ."

ರಾಯರ ಕೈ ರಿಜಿಸ್ಟರಿನ ಮೇಲೆ ಹಾಗೇ ನಿಂತುಬಿಟ್ಟಿತು. ಬೇರೆ ಲಾಡ್ಜುಗಳಲ್ಲಿ 'ಬಂದ ಕಾರಣ' ಎಂದಿರುವ ಕಡೆ ಈ ರಿಜಿಸ್ಟರಿನಲ್ಲಿ 'ಹರಕೆ' ಎಂಬ ಕಾಲಂ ಇತ್ತು. ಅವರ ತಂದೆ ಹಾಕಿದ ಪದ್ಧತಿ. ಬಂದವರು ಏನು ಬೇಡಿಕೊಂಡು ಬಂದರೋ ಅದನ್ನು ಅವರ ಮಾತಿನಲ್ಲೇ ಬರೆದುಕೊಂಡು, ಯುಗಾದಿಯ ದಿನ ಪ್ರತಿಯೊಬ್ಬರ ಹೆಸರಿಗೂ ಅರ್ಚನೆ ಮಾಡಿಸಿ ಕುಂಕುಮ ಅಂಚೆಗೆ ಹಾಕುವುದು. ಒಡಹುಟ್ಟಿದವರಿಗೂ ಹೇಳದ್ದನ್ನು ಜನ ಅಲ್ಲಿ ಬರೆದೋ ಬರೆಸಿಯೋ ಹೋಗುತ್ತಿದ್ದರು.

ಕಳೆದ ವರ್ಷ ಲಾಡ್ಜಿಗೆ ಕಂಪ್ಯೂಟರು ಬಂತು, ಇಂಟರ್ನೆಟ್ಟೂ ಬಂತು. ಅದರ ಬೆನ್ನಿಗೇ ದೆಹಲಿಯ ಯಾವುದೋ ಪ್ರವಾಸದ ಕಂಪನಿಯಿಂದ ಒಂದು ಇ-ಮೇಲು: ದೇಶದ ಮೂಲೆಮೂಲೆಯಿಂದ ಯಾತ್ರಿಕರನ್ನು ಕಳಿಸುತ್ತೇವೆ, ಮೊದಲು ನಿಮ್ಮಲ್ಲಿ ಉಳಿದವರ ಪಟ್ಟಿಯನ್ನು ಫೋನ್ ನಂಬರ್ ಸಮೇತ ಕಳಿಸಿ. ಎಂಟು ರೂಮಿನ ಲಾಡ್ಜಿಗೆ ದೆಹಲಿಯಿಂದ ಕಾಗದ! ರಾಯರು ಹಿಗ್ಗಿಹೋದರು. ಮಗಳು ಸೌಪರ್ಣಿಕಾ ರಜೆಯೆಲ್ಲ ಕೂತು ಐದು ವರ್ಷದ ರಿಜಿಸ್ಟರು ಟೈಪು ಮಾಡಿದಳು. ಕಳಿಸುವ ಮುಂಚೆ, "ಅಪ್ಪಾ, ಹರಕೆ ಕಾಲಂ ಕೂಡ ಕಳಿಸ್ಬೇಕಾ?" ಎಂದು ಕೇಳಿದ್ದಳು. "ಅದೇ ಕಣೇ ನಮ್ಮ ಹೆಚ್ಚುಗಾರಿಕೆ. ಅದು ಬಿಟ್ರೆ ನಮಗೂ ಬಸ್ ಸ್ಟ್ಯಾಂಡ್ ಲಾಡ್ಜಿಗೂ ಏನು ವ್ಯತ್ಯಾಸ?" ಎಂದಿದ್ದರು ರಾಯರು. ಆಮೇಲೆ ಆ ಕಂಪನಿಯ ಉಸಿರೇ ಇಲ್ಲ. ಹೋದ ವಾರ, ಹಿಂದೆ ಇಲ್ಲಿ ಉಳಿದು ಹರಕೆ ಬರೆಸಿದ್ದ ಮಾಲೂರಿನವರೊಬ್ಬರು ಫೋನ್ ಮಾಡಿ, ಮಗಳ ಮದುವೆಗೆ ವಿಶೇಷ ಪೂಜೆ ಅಂತ ದುಡ್ಡು ಕೇಳ್ತೀರಲ್ಲ ಎಂದು ಬೈದಾಗಲೂ ಅವರ ತಲೆಗೆ ಹೊಳೆದಿರಲಿಲ್ಲ. ಕೈಯಾರೆ ಕಳ್ಳನಿಗೆ ಬೀಗದ ಕೈ ಕೊಟ್ಟಿದ್ದರು. ಅದೂ ತಮ್ಮ ಮನೆಯದ್ದಲ್ಲ, ನಂಬಿ ಬಂದವರದ್ದು.

ಹಿಂದಿನ ಪುಟಗಳನ್ನು ತಿರುವಿದರು. ಬರೆಯಲು ಬಾರದ ಆಕೆಗಾಗಿ ರಾಯರೇ ಬರೆದ ದುಂಡು ಅಕ್ಷರ: 'ಮಗ ವೆಂಕಟ್. ಕರೆಯುವ ಹೆಸರು ಬುಜ್ಜಿ. ಎಡಹುಬ್ಬಿನ ಮೇಲೆ ಗಾಯ. ಎಲ್ಲಾದರೂ ಇರಲಿ, ಒಂದು ಸಲ ಅಮ್ಮಾ ಅಂದರೆ ಸಾಕು.' ಅದನ್ನು ಆಕೆಗೆ ಓದಿ ಹೇಳಿದರು. ಯಾರಿಗೆ ಕಳಿಸಿದೆ, ಹೇಗೆ ಕಳಿಸಿದೆ ಎಂದು ಒಂದನ್ನೂ ಮುಚ್ಚಿಡದೆ ಹೇಳಿದರು. ಆಕೆ ಚೀಟಿಯಲ್ಲಿ ಬರೆಸಿಕೊಂಡಿದ್ದ ನಂಬರಿಗೆ ಮೂರು ಸಲ ಫೋನ್ ಮಾಡಿದರು. ಸ್ವಿಚ್ ಆಫ್.

"ಹಂಗಾದ್ರೆ ಅಮ್ಮಾ ಅಂದೋನು ಯಾರು ಸ್ವಾಮಿ?"

ರಾಯರು ರಿಜಿಸ್ಟರು ಮುಚ್ಚಿದರು. "ಪೊಲೀಸ್ ಸ್ಟೇಷನ್ನಿಗೆ ಹೋಗೋಣಮ್ಮ. ನೀವು ಕಟ್ಟಿದ ದುಡ್ಡು ನಾನು ಕೊಡ್ತೀನಿ," ಎಂದರು. ಆಕೆ ಬೆಂಚಿನ ಮೇಲೆ ಕೂತು, ಅಂಗಿಯನ್ನು ಮೊದಲಿದ್ದ ಮಡಿಕೆಗೇ ಮಡಿಸಿ, ಕವರಿಗೆ ತುಂಬಲು ನೋಡುತ್ತಿದ್ದಳು. ಒಂದು ತೋಳು ಹೊರಗೇ ಉಳಿಯುತ್ತಿತ್ತು.

ಅಷ್ಟರಲ್ಲಿ ಕೋಲಾರದ ಕಡೆಯ ಬಸ್ಸಿಳಿದು ಗಂಡ ಹೆಂಡತಿ ರೂಮು ಕೇಳಿಕೊಂಡು ಬಂದರು. ಹೆಂಡತಿಗೆ ಮೂವತ್ತರ ಆಸುಪಾಸು, ಮಡಿಲಲ್ಲಿ ತೆಂಗಿನಕಾಯಿ. ರಾಯರ ಕೈ ರೂಢಿಯಂತೆ ಹೊಸ ಪುಟ ತೆರೆದು ರಿಜಿಸ್ಟರನ್ನು ಅವರ ಕಡೆ ತಿರುಗಿಸಿತು. ಗಂಡ ಹೆಸರು, ಊರು ಬರೆದು ಪೆನ್ನು ಹೆಂಡತಿಗೆ ಕೊಟ್ಟ. ಅವಳು ಕೊನೆಯ ಕಾಲಂ ನೋಡಿ, ನಾಚಿಕೊಂಡು, ಬರೆಯಲು ಬಗ್ಗಿದಳು.

"ಆ ಕೊನೇ ಕಾಲಂನಲ್ಲಿ ಏನೂ ಬರೀಬೇಡ ಕಣಮ್ಮ," ಎಂದಳು ಅಕ್ಕಯಮ್ಮ, ಕೂತಲ್ಲಿಂದಲೇ. "ಗುಡೀಗೆ ಹೋಗಿ ಹೇಳ್ಕೋ. ದೇವ್ರು ಕೊಡ್ದೇ ಇದ್ರೂ, ಯಾರಿಗೂ ಹೇಳಲ್ಲ."