ಪಂಕ್ತಿಯಲ್ಲೊಂದು ಅಡ್ಜಸ್ಟ್

ಆಡಿದ ಮಾತು ತಾನು ಹುಟ್ಟಿದಾಗಿನ ಅರ್ಥವನ್ನೇ ನಡೆಸಿಬಿಡುವ ಕಾಲವದು. ‘ಅಡ್ಜಸ್ಟ್’ ಲ್ಯಾಟಿನ್ನಿನಲ್ಲಿ ‘ಪಕ್ಕಕ್ಕೆ ತರು’ ಎಂದು ಹುಟ್ಟಿದ ಮಾತು. ಬಸ್ಸಿನಲ್ಲಿ ಯಾರಾದರೂ ಹಾಗಂದರೆ ಸಾಕು, ಜನ ತಾವಾಗಿಯೇ ಜರುಗಿ ಅಂಟಿಕೊಳ್ಳುತ್ತಿದ್ದರು. ಒಂದು ಉಸಿರಿನ ಹೊತ್ತು ಕಳೆದರೆ ಮಾತಿನ ಹಿಡಿತ ಸಡಿಲಿ, ಮತ್ತೆ ದೂರ ಸರಿಯುತ್ತಿದ್ದರು.

ಮಠದ ಊಟದ ಕೊನೆಯ ಪಂಕ್ತಿಯಲ್ಲಿ ಉಳಿದವರು ಇಬ್ಬರೇ. ಈ ತುದಿಗೆ ಕಲ್ಲವ್ವ, ಆ ತುದಿಗೆ ಅವ್ವ ಸತ್ತಾಗಿನಿಂದ ಅವಳೊಂದಿಗೆ ಮಾತು ಬಿಟ್ಟ ಅಕ್ಕ ನಿಂಗವ್ವ. ಹತ್ತಿರ ಕರೆಯಲು ಕಲ್ಲವ್ವನಿಗೆ ಬಾಯಿ ಬರಲಿಲ್ಲ. ಶಿವನನ್ನು ನೆನೆದು, “ಯಕ್ಕಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ” ಅಂದಳು.

ನಿಂಗವ್ವ ಎಲೆಸಮೇತ ಜರುಗಿ ಬಂದಳು. ಮೊಣಕಾಲಿಗೆ ಮೊಣಕಾಲು ತಾಗಿತು.

“ಇಷ್ಟಗಲ ಜಾಗ ಖಾಲಿ ಐತಲ್ಲ, ಕಳ್ಳಿ!”

ಮಾತಿನ ಹಿಡಿತ ಸಡಿಲಿತು. ಕಲ್ಲವ್ವ ಕಣ್ಣು ಮುಚ್ಚಿ ಕಾದಳು. ಮೊಣಕಾಲು ಅಲ್ಲೇ ಇತ್ತು.

“ಹೋಳಿಗಿ ಆರಿ ಹೋಗ್ತೈತಿ, ಉಣ್ಣು” ಎಂದಳು ಅಕ್ಕ.